ಬಿಳಿ ಪರದೆಯಲ್ಲಿ ಕಪ್ಪು ಎಲ್ಲಿಂದ ಬಂತು?

ಮಕ್ಕಳೇ, ಈ ವಾರ ಒಂದು ಒಗಟಿನಿಂದ ಶುರು ಮಾಡೋಣ. ಸಿನಿಮಾ ಪರದೆ ಬಿಳಿ. ಪ್ರೊಜೆಕ್ಟರ್ ಎಂದರೆ ಬೆಳಕು ಚೆಲ್ಲುವ ಯಂತ್ರ. ಅದು ಕೆಂಪು ಚೆಲ್ಲಬಲ್ಲದು, ಹಸಿರು ಚೆಲ್ಲಬಲ್ಲದು, ನೀಲಿ ಚೆಲ್ಲಬಲ್ಲದು, ಮೂರನ್ನೂ ಬೆರೆಸಿ ಬಿಳಿ ಮಾಡಬಲ್ಲದು. ಆದರೆ ಕಪ್ಪು ಬೆಳಕು ಅನ್ನುವುದು ಪ್ರಪಂಚದಲ್ಲೇ ಇಲ್ಲ. ಹಾಗಾದರೆ ನಾಯಕಿಯ ಕಪ್ಪು ಜಡೆ, ಅಮಾವಾಸ್ಯೆಯ ರಾತ್ರಿ, ಖಳನಾಯಕನ ಮೀಸೆ ಇವೆಲ್ಲ ಬಿಳಿ ಪರದೆಯ ಮೇಲೆ ಹೇಗೆ ಬಂದವು? ಅಜ್ಜ ಅಜ್ಜಿಯರೂ ಒಂದು ಗಳಿಗೆ ಯೋಚಿಸಿ ನೋಡಿ.

ಈ ಪ್ರಶ್ನೆ ಕೇಳಿದ್ದು ತುಮಕೂರಿನಲ್ಲಿರುವ ನನ್ನ ತಂಗಿಯ ಮೊಮ್ಮಗ. ಆರನೇ ಕ್ಲಾಸು. ಅವನ ಅಪ್ಪ, ಅಂದರೆ ನನ್ನ ತಂಗಿಯ ಮಗ, ಮಹಡಿಯ ಮೇಲೆ ಖಾಲಿ ಬಿದ್ದಿದ್ದ ಕೋಣೆಯನ್ನು ಮನೆ ಥಿಯೇಟರ್ ಮಾಡಲು ಹೊರಟಿದ್ದ. ಪ್ರೊಜೆಕ್ಟರ್ ಬಂದಾಗಿತ್ತು. ಪರದೆ ಯಾವುದು ಅನ್ನುವುದು ಮಾತ್ರ ತಿಂಗಳಾದರೂ ತೀರ್ಮಾನವಾಗಿರಲಿಲ್ಲ. ಅಂಗಡಿಯವರು ಕೊಟ್ಟ ಪಟ್ಟಿಯಲ್ಲಿ ಒಂದು ಪರದೆಯ ಬೆಲೆ ಹೆಚ್ಚುಕಡಿಮೆ ಪ್ರೊಜೆಕ್ಟರಿನಷ್ಟೇ ಇತ್ತು.

“ಬರೀ ಬಟ್ಟೆಗೆ ಇಷ್ಟು ದುಡ್ಡೇನೋ? ಒಂದು ಪಂಚೆ ಕಟ್ಟಿದ್ರೆ ಆಗಲ್ವಾ?” ಅಂತ ತಂಗಿ.

“ನೂರೈವತ್ತು ಇಂಚಿಗೆ ಕಮ್ಮಿ ಬೇಡಪ್ಪಾ” ಅಂತ ಹುಡುಗ.

ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಹೇಳಿಕೊಟ್ಟವಳಲ್ಲವೇ, ನನಗೆ ಫೋನು ಬಂತು. “ದೊಡ್ಡಮ್ಮ, ನೀವೇ ಬಂದು ಒಂದು ತೀರ್ಮಾನ ಮಾಡಿಬಿಡಿ.”

ದುಡ್ಡಿಗಿಂತ ದೊಡ್ಡ ವಿಷಯ ಇನ್ನೊಂದಿತ್ತು. ತಂಗಿಗೆ ಈಗ 73. ಒಂದು ಕಣ್ಣಿನ ಪೊರೆ ತೆಗೆಸಿಯಾಗಿದೆ, ಇನ್ನೊಂದು ಬಾಕಿ. ಜೊತೆಗೆ ಮಂಡಿನೋವು. ಕತ್ತಲೆಯಲ್ಲಿ ಥಿಯೇಟರಿನ ಮೆಟ್ಟಿಲು ಹತ್ತಲು ಹೆದರಿ ಸಿನಿಮಾಕ್ಕೆ ಹೋಗುವುದನ್ನೇ ಬಿಟ್ಟು ಎಷ್ಟೋ ವರ್ಷಗಳಾದವು. ಮನೆಯವರೆಲ್ಲ ಮೊಬೈಲಿನಲ್ಲಿ ಒಬ್ಬೊಬ್ಬರೇ ನೋಡುವ ಸಿನಿಮಾದಲ್ಲಿ ಅವಳಿಗೆ ಮುಖಗಳೇ ಗೊತ್ತಾಗುವುದಿಲ್ಲ. ಮಗ ಆ ಕೋಣೆ ಮಾಡಿಸುತ್ತಿದ್ದುದೇ ಮುಖ್ಯವಾಗಿ ಅವಳಿಗಾಗಿ. ಅವಳು ಕೂತಲ್ಲಿಂದ ಸರಿಯಾಗಿ ಕಾಣದ ಪರದೆ ಹಾಕಿಬಿಟ್ಟರೆ, ನಾಲ್ಕು ದಿನ ಬಂದು ಐದನೇ ದಿನ “ನೀವೇ ನೋಡ್ಕೊಳ್ರಪ್ಪಾ” ಎಂದು ಕೆಳಗೇ ಉಳಿಯುತ್ತಾಳೆ. ನನ್ನ ತಂಗಿ ನನಗೆ ಗೊತ್ತು.

ಈಗ ಒಗಟಿನ ಉತ್ತರ. ಪರದೆಯ ಮೇಲಿನ ಕಪ್ಪು ಎಂದರೆ ಬೇರೇನೂ ಅಲ್ಲ, ಬೆಳಕು ಬೀಳದ ಬಿಳಿ ಬಟ್ಟೆ! ಪ್ರೊಜೆಕ್ಟರ್ ಜಡೆಯ ಜಾಗದಲ್ಲಿ ಬೆಳಕು ಚೆಲ್ಲುವುದನ್ನು ನಿಲ್ಲಿಸುತ್ತದೆ, ಅಷ್ಟೇ. ಸುತ್ತಲಿನ ಮುಖ, ಸೀರೆ ಎಲ್ಲ ಬೆಳಗುತ್ತಿರುವಾಗ ಬೆಳಕಿಲ್ಲದ ಆ ಪಟ್ಟಿ ನಮ್ಮ ಕಣ್ಣಿಗೆ ಕಪ್ಪಾಗಿ ಕಾಣುತ್ತದೆ. ಕಣ್ಣು ಯಾವಾಗಲೂ ಪಕ್ಕದ್ದರ ಜೊತೆ ಹೋಲಿಸಿಯೇ ನೋಡುವುದು. ಚಂದ್ರನನ್ನೇ ನೋಡಿ. ಅವನ ನೆಲ ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಸುಮಾರು 12 ಪಾಲನ್ನು ಮಾತ್ರ ಹಿಂದಿರುಗಿಸುತ್ತದೆ. ಹಳೆಯ ಡಾಂಬರು ರಸ್ತೆಯಂಥ ಬಣ್ಣ ಅದು. ಆದರೂ ಕಪ್ಪು ಆಕಾಶದ ನಡುವೆ ಇರುವುದರಿಂದ ಬೆಳ್ಳಿ ತಟ್ಟೆಯಂತೆ ಕಾಣುತ್ತಾನೆ.

ಇದರಿಂದ ಬರುವ ಮುಖ್ಯ ಮಾತು ಇದು: ಸಿನಿಮಾದ ಕಪ್ಪನ್ನು ಮಾಡುವುದು ಬರೀ ಪ್ರೊಜೆಕ್ಟರೂ ಅಲ್ಲ, ಬರೀ ಪರದೆಯೂ ಅಲ್ಲ, ಕೋಣೆಯೂ ಹೌದು. ಕೋಣೆಯಲ್ಲಿ ಟ್ಯೂಬ್‌ಲೈಟ್ ಉರಿಯುತ್ತಿದ್ದರೆ ಅದರ ಬೆಳಕು ಜಡೆಯ ಮೇಲೂ ಬೀಳುತ್ತದೆ, ಜಡೆ ಬೂದಿಯಾಗುತ್ತದೆ. ಎಷ್ಟೇ ದುಡ್ಡಿನ ಪ್ರೊಜೆಕ್ಟರ್ ಆದರೂ ಆ ಬೂದಿಯನ್ನು ಅಳಿಸಲಾರದು, ಏಕೆಂದರೆ ಬೆಳಕನ್ನು ಕೂಡಿಸಬಹುದೇ ಹೊರತು ಕಳೆಯಲಾಗದು. ಆದ್ದರಿಂದ ಪರದೆ ಕೊಳ್ಳುವವರು ಅಂಗಡಿಗೆ ಹೋಗುವ ಮೊದಲು ತಮ್ಮ ಕೋಣೆಯಲ್ಲೇ ಒಂದು ಸಂಜೆ ಕೂತು ಬರುವುದು ಒಳ್ಳೆಯದು. ಕಿಟಕಿ ಎಲ್ಲಿದೆ, ಗೋಡೆಯ ಬಣ್ಣವೇನು, ಯಾರು ಎಲ್ಲಿ ಕೂರುತ್ತಾರೆ, ಇದನ್ನೆಲ್ಲ ನೋಡಿಕೊಳ್ಳಬೇಕು.

ಪರದೆ ಏನು ಮಾಡುತ್ತದೆ ಎಂದು ತಿಳಿಯಲು ನಾನು ಆ ಹುಡುಗನ ಜೊತೆ ಒಂದು ಆಟ ಆಡಿದೆ. ನೀವೂ ಆಡಿ. ಒಂದು ಟಾರ್ಚು, ಒಂದು ಬಿಳಿ ಡ್ರಾಯಿಂಗ್ ಹಾಳೆ, ಒಂದು ಕನ್ನಡಿ, ಚಪಾತಿ ಸುತ್ತುವ ಅಲ್ಯೂಮಿನಿಯಂ ಹಾಳೆ ಬೇಕು. ರಾತ್ರಿ ದೀಪ ಆರಿಸಿ ಮೂರನ್ನೂ ಗೋಡೆಗೆ ಒರಗಿಸಿ, ಒಬ್ಬೊಬ್ಬರು ಒಂದೊಂದು ಮೂಲೆಯಲ್ಲಿ ನಿಲ್ಲಿ. ಟಾರ್ಚನ್ನು ಬಿಳಿ ಹಾಳೆಯ ಮೇಲೆ ಬಿಟ್ಟರೆ ಎಲ್ಲ ಮೂಲೆಯಿಂದಲೂ ಒಂದೇ ರೀತಿ ಕಾಣುತ್ತದೆ. ಕನ್ನಡಿಯ ಮೇಲೆ ಬಿಟ್ಟರೆ ಒಬ್ಬರಿಗೆ ಮಾತ್ರ ಕಣ್ಣು ಕುಕ್ಕುವಷ್ಟು ಬೆಳಕು, ಉಳಿದವರಿಗೆ ಕತ್ತಲೆ. ಅಲ್ಯೂಮಿನಿಯಂ ಹಾಳೆಯನ್ನು ಸ್ವಲ್ಪ ಮುದುರಿ ಬಿಡಿಸಿ ಇಟ್ಟರೆ ಇವೆರಡರ ನಡುವೆ: ಎದುರಿಗಿದ್ದವರಿಗೆ ಜೋರು, ಪಕ್ಕದವರಿಗೆ ಮಂಕು. (ಕನ್ನಡಿಯ ಆಟದಲ್ಲಿ ಯಾರ ಕಣ್ಣಿಗೂ ನೇರ ಬೆಳಕು ಬಿಡಬೇಡಿ.)

ಪ್ರಪಂಚದ ಪರದೆಗಳೆಲ್ಲ ಈ ಮೂರರ ನಡುವೆಯೇ ಎಲ್ಲೋ ಇರುವಂಥವು. ಬಿಳಿ ಹಾಳೆಯಂತೆ ಎಲ್ಲ ಕಡೆಗೂ ಸಮನಾಗಿ ಕಾಣುವ ಮೇಲ್ಮೈಯ ಲೆಕ್ಕವನ್ನು 1760ರಲ್ಲಿ ಬರೆದಿಟ್ಟವನು ಯೊಹಾನ್ ಹೈನ್‌ರಿಕ್ ಲ್ಯಾಂಬರ್ಟ್. ಪೈ ಅಭಾಗಲಬ್ಧ ಸಂಖ್ಯೆ ಎಂದು ಮೊದಲು ಸಾಧಿಸಿ ತೋರಿಸಿದ ಗಣಿತಜ್ಞನೂ ಅವನೇ. ಹೈಸ್ಕೂಲಿನ ಮಕ್ಕಳು ಹೆಸರು ನೆನಪಿಟ್ಟುಕೊಳ್ಳಿ. ಅಂಥ ಬಿಳಿ ಮೇಲ್ಮೈಯ ಬೆಳಕನ್ನು 1 ಎಂದಿಟ್ಟುಕೊಂಡು, ಬೇರೆ ಪರದೆ ಎದುರಿಗೆ ಕೂತವರಿಗೆ ಅದಕ್ಕಿಂತ ಎಷ್ಟು ಪಟ್ಟು ಬೆಳಕು ಕೊಡುತ್ತದೆ ಅನ್ನುವುದನ್ನು ‘ಗೇನ್’ ಎಂದು ಪೆಟ್ಟಿಗೆಯ ಮೇಲೆ ಬರೆಯುತ್ತಾರೆ. ಹೊಳಪಿಲ್ಲದ ಬಿಳಿ ಪರದೆಗೆ ಸುಮಾರು 1. ಬೂದು ಪರದೆಗೆ 0.8ರ ಆಸುಪಾಸು. ಹೊಳೆಯುವ ಪರದೆಗಳಿಗೆ 2 ಕೂಡ ಇರುತ್ತದೆ.

ಎರಡು ಎಂದ ಕೂಡಲೇ ಎರಡು ಪಟ್ಟು ಒಳ್ಳೆಯದು ಅಂದುಕೊಳ್ಳಬೇಡಿ. ಅಂಗಡಿಯಲ್ಲಿ ನಮ್ಮ ಹುಡುಗ ಅಂದುಕೊಂಡದ್ದು ಹಾಗೇ. ಪರದೆಗೆ ಸ್ವಂತ ಬೆಳಕಿಲ್ಲ, ಕರೆಂಟಿಲ್ಲ, ಎಲ್ಲಿಂದ ತಂದು ಕೊಟ್ಟೀತು? ಪಕ್ಕದಲ್ಲಿ ಕೂತವರ ಪಾಲನ್ನು ಕಿತ್ತು ಮಧ್ಯದಲ್ಲಿ ಕೂತವರಿಗೆ ಕೊಡುತ್ತದೆ. ಸೌಟಿನಿಂದ ಪಾಯಸ ಬಡಿಸುವವರು ಮಧ್ಯದ ಎಲೆಗೆ ಎರಡು ಸೌಟು ಹಾಕಿದರೆ ತುದಿಯ ಎಲೆಗೆ ಏನು ಉಳಿಯುತ್ತದೆ? ಕೆಲವು ಹೊಳೆಯುವ ಪರದೆಗಳಲ್ಲಿ ಮಧ್ಯದಿಂದ 30 ಡಿಗ್ರಿ ಪಕ್ಕಕ್ಕೆ ಸರಿಯುವಷ್ಟರಲ್ಲಿ ಬೆಳಕು ಅರ್ಧಕ್ಕಿಳಿದಿರುತ್ತದೆ. ಜೊತೆಗೆ ಮಧ್ಯದಲ್ಲಿ ಕೂತವರಿಗೂ ಪರದೆಯ ನಡುಭಾಗ ಹೊಳೆದು ಅಂಚುಗಳು ಮಸುಕಾಗಿ ಕಾಣುವುದುಂಟು.

ಸಿನಿಮಾಕ್ಕೆ ‘ಬೆಳ್ಳಿತೆರೆ’ ಎಂಬ ಹೆಸರು ಬಂದದ್ದು ಇಂಥ ಹೊಳೆಯುವ ಪರದೆಯಿಂದಲೇ. ಹಿಂದೆ ದೀಪಗಳು ಮಂಕಾಗಿದ್ದಾಗ, ಇದ್ದ ಬೆಳಕನ್ನೆಲ್ಲ ಪ್ರೇಕ್ಷಕರ ಕಡೆಗೇ ತಿರುಗಿಸಬೇಕೆಂದು ಪರದೆಗೆ ಬೆಳ್ಳಿ ಅಥವಾ ಅಲ್ಯೂಮಿನಿಯಂ ಪುಡಿ ಬೆರೆಸಿದ ಬಣ್ಣ ಬಳಿಯುತ್ತಿದ್ದರು. ದೀಪಗಳು ಬಲವಾದ ಮೇಲೆ, ಅಗಲ ಹಾಲಿನ ಎರಡೂ ಬದಿಯವರಿಗೆ ಸಮನಾಗಿ ಕಾಣಲೆಂದು ಬಿಳಿ ಪರದೆಯೇ ಗೆದ್ದಿತು. ಹೆಸರು ಮಾತ್ರ ನಮ್ಮ ಬಾಯಲ್ಲಿ ಉಳಿಯಿತು. ಬೆಳ್ಳಿ ಪರದೆ ಮತ್ತೆ ಬೇಕಾದದ್ದು ಕನ್ನಡಕ ಹಾಕಿ ನೋಡುವ ತ್ರೀಡಿ ಚಿತ್ರಗಳಿಗೆ. 1984ರ ಮಲಯಾಳಂನ ‘ಮೈ ಡಿಯರ್ ಕುಟ್ಟಿಚಾತ್ತನ್’ ನೋಡಿದ ಅಜ್ಜ ಅಜ್ಜಿಯರು ಆ ಕನ್ನಡಕ ನೆನಪಿಸಿಕೊಳ್ಳಬಹುದು. ಎಡಗಣ್ಣಿಗೊಂದು, ಬಲಗಣ್ಣಿಗೊಂದು ಎಂದು ಬೆಳಕನ್ನು ಬೇರ್ಪಡಿಸುವ ಆ ಉಪಾಯ ಬಿಳಿ ಪರದೆಯ ಮೇಲೆ ಬಿದ್ದರೆ ಕಲಸಿಹೋಗುತ್ತದೆ, ಲೋಹದ ಮೇಲ್ಮೈ ಅದನ್ನು ಕೆಡಿಸದೆ ಹಿಂದಕ್ಕೆ ಕಳಿಸುತ್ತದೆ.

ತುಮಕೂರಿಗೆ ವಾಪಸು ಬರೋಣ. ಕೋಣೆ 12 ಅಡಿ ಅಗಲ, 16 ಅಡಿ ಉದ್ದ. ಹಿಂದುಗಡೆ ಸೋಫಾ. ಆದರೆ ತಂಗಿ ಸೋಫಾದಲ್ಲಿ ಕೂರುವವಳಲ್ಲ. ಕಾಲು ಚಾಚಿಕೊಳ್ಳಬೇಕು. ಅವಳಿಗೆ ಎಡಗೋಡೆಯ ಪಕ್ಕದ ದಿವಾನವೇ ಆಗಬೇಕು. ಟೇಪು ಹಿಡಿದು ಅಳೆದೆವು. ದಿವಾನದಲ್ಲಿ ಅವಳ ತಲೆ ಬರುವ ಜಾಗ ಪರದೆಯಿಂದ 8 ಅಡಿ ದೂರ, ನಡುಗೆರೆಯಿಂದ ನಾಲ್ಕೂವರೆ ಅಡಿ ಎಡಕ್ಕೆ. ಹುಡುಗ ಹಾಳೆಯ ಮೇಲೆ ಚಿತ್ರ ಬರೆದು ಕೋನಮಾಪಕ ಇಟ್ಟು ನೋಡಿದ: 29 ಡಿಗ್ರಿ! ಹೊಳೆಯುವ ಪರದೆ ತಂದಿದ್ದರೆ ಎಲ್ಲರಿಗಿಂತ ಹೆಚ್ಚು ಬೆಳಕು ಬೇಕಾದವಳಿಗೇ ಎಲ್ಲರಿಗಿಂತ ಕಡಿಮೆ ಸಿಗುತ್ತಿತ್ತು. ಆ ದುಬಾರಿ ಪರದೆಯ ಹೆಸರು ಅಲ್ಲಿಗೇ ಪಟ್ಟಿಯಿಂದ ಹೋಯಿತು.

ಹೆಚ್ಚು ಬೆಳಕು ಯಾಕೆ ಬೇಕು ಎಂದು ಮಕ್ಕಳು ಕೇಳಬಹುದು. ವಯಸ್ಸಾದಂತೆ ಕಣ್ಣಿನ ಪಾಪೆ ಕತ್ತಲೆಯಲ್ಲೂ ಮೊದಲಿನಷ್ಟು ಅಗಲವಾಗುವುದಿಲ್ಲ. ಒಳಗಿನ ಮಸೂರ ಹಳದಿಯಾಗಿ ಮಂಕಾಗುತ್ತದೆ. ಅರವತ್ತು ದಾಟಿದವರ ಅಕ್ಷಿಪಟಲಕ್ಕೆ ತಲುಪುವ ಬೆಳಕು ಇಪ್ಪತ್ತರ ಹರೆಯದವರಿಗೆ ತಲುಪುವುದರ ಸುಮಾರು ಮೂರನೇ ಒಂದು ಪಾಲು ಎಂದು ಲೆಕ್ಕ. ಅದಕ್ಕೇ ಅಜ್ಜಿ “ಯಾಕೋ ಮಬ್ಬಾಗಿದೆ” ಎಂದಾಗ ಮೊಮ್ಮಗನಿಗೆ “ಚೆನ್ನಾಗೇ ಇದೆಯಲ್ಲ” ಅನ್ನಿಸುವುದು. ಇಬ್ಬರೂ ಹೇಳುವುದು ನಿಜ.

ಇನ್ನು ಗಾತ್ರ. ಪರದೆಯ ಇಂಚು ಎಂದರೆ ಮೂಲೆಯಿಂದ ಮೂಲೆಗೆ, ಓರೆಯಾಗಿ. 100 ಇಂಚಿನ ಪರದೆಯ ಅಗಲ 87 ಇಂಚು, ಎತ್ತರ 49 ಇಂಚು. ಚದರಡಿಯಲ್ಲಿ ಹೇಳಿದರೆ ಸುಮಾರು 30. ನಮ್ಮ ಹುಡುಗ ಕೇಳಿದ 150 ಇಂಚು ಒಂದೂವರೆ ಪಟ್ಟು ಅಲ್ಲವೇ? ಆದರೆ ಅದರ ವಿಸ್ತೀರ್ಣ ಒಂದೂವರೆಯ ವರ್ಗ, ಅಂದರೆ ಎರಡೂಕಾಲು ಪಟ್ಟು: ಸುಮಾರು 67 ಚದರಡಿ. ಅದೇ ಬೆಣ್ಣೆಯನ್ನು ಎರಡು ದೋಸೆಗೂ ಸವರಿ ಮೂರನೆಯದರ ಕಾಲು ಭಾಗಕ್ಕೂ ಸವರಿದಂತೆ.

ಲೆಕ್ಕ ಸುಲಭ. ಪ್ರೊಜೆಕ್ಟರಿನ ಲುಮೆನ್ ಸಂಖ್ಯೆಯನ್ನು ಗೇನ್‌ನಿಂದ ಗುಣಿಸಿ, ಪರದೆಯ ಚದರಡಿಯಿಂದ ಭಾಗಿಸಿ. ಬರುವ ಉತ್ತರಕ್ಕೆ ಅಡಿ-ಲ್ಯಾಂಬರ್ಟ್ ಎಂದು ಹೆಸರು, ಅದೇ ಲ್ಯಾಂಬರ್ಟ್. ಡಿಜಿಟಲ್ ಥಿಯೇಟರುಗಳಿಗೆ ನಿಗದಿಯಾದ ಮಟ್ಟ 14. ಪೆಟ್ಟಿಗೆಯ ಮೇಲಿನ ದೊಡ್ಡ ಸಂಖ್ಯೆ ನಂಬಬೇಡಿ, ಅದು ಮುಖಗಳೆಲ್ಲ ಹಸಿರುಗಟ್ಟುವ ಅತಿಜೋರಿನ ಮೋಡ್‌ನ ಸಂಖ್ಯೆ ಆಗಿರುವುದೇ ಹೆಚ್ಚು. ತಂಗಿಯ ಮಗ ಕೊಂಡ ಪ್ರೊಜೆಕ್ಟರ್ ಬಣ್ಣ ಸರಿಯಾಗಿ ಬರುವ ‘ಸಿನಿಮಾ’ ಮೋಡ್‌ನಲ್ಲಿ 900 ಲುಮೆನ್ ಕೊಡುತ್ತದೆ. ಬಿಳಿ ಪರದೆ 100 ಇಂಚಾದರೆ 30. ಆದರೆ 150 ಇಂಚಾದರೆ ಹದಿಮೂರು ಚಿಲ್ಲರೆ.

“ಹದಿನಾಲ್ಕಕ್ಕೆ ಹತ್ತಿರಾನೇ ಇದೆಯಲ್ಲ ಅಜ್ಜಿ” ಅಂದ ಹುಡುಗ. ಬಿಡುವವನಲ್ಲ.

ಇದೆ, ಹೊಸದರಲ್ಲಿ. ಆದರೆ ಪ್ರೊಜೆಕ್ಟರ್ ದೀಪದ ಆಯಸ್ಸು ಇಷ್ಟು ಸಾವಿರ ಗಂಟೆ ಎಂದು ಬರೆದಿರುತ್ತಾರಲ್ಲ, ಅದರ ಅರ್ಥ ಅಷ್ಟು ಹೊತ್ತಿಗೆ ಬೆಳಕು ಅರ್ಧಕ್ಕಿಳಿದಿರುತ್ತದೆ ಎಂದು. ಆಗ 100 ಇಂಚಿನ ಪರದೆಯಲ್ಲಿ ಇನ್ನೂ 15 ಉಳಿದಿರುತ್ತದೆ, ಥಿಯೇಟರಿನ ಮಟ್ಟಕ್ಕೆ ಕಡಿಮೆಯಿಲ್ಲ. 150 ಇಂಚಿನಲ್ಲಿ ಏಳೂ ಇರುವುದಿಲ್ಲ. ಹುಡುಗ ಸ್ವಲ್ಪ ಹೊತ್ತು ಪೆನ್ಸಿಲ್ ಕಚ್ಚಿಕೊಂಡು ಕೂತ. ಲೆಕ್ಕ ತಾನೇ ಮಾಡಿದ್ದರಿಂದ ಜಗಳ ತೆಗೆಯಲಿಲ್ಲ.

ಲೆಕ್ಕಕ್ಕಿಂತ ಚೆನ್ನಾಗಿ ಒಪ್ಪಿಸಿದ್ದು ಹಳೇ ಪೇಪರು. ಪರದೆ ಬರುವ ಗೋಡೆಗೆ 87 ಇಂಚು ಅಗಲ, 49 ಇಂಚು ಎತ್ತರದಷ್ಟು ಪೇಪರ್ ಹಾಳೆಗಳನ್ನು ಟೇಪಿನಿಂದ ಅಂಟಿಸಿದೆವು. ಮಾರನೇ ದಿನ 150 ಇಂಚಿನ ಅಳತೆಗೆ ಹಿಗ್ಗಿಸಿದೆವು. ಎರಡು ಸಂಜೆಯೂ ಎಲ್ಲರೂ ಕಾಫಿ ಲೋಟ ಹಿಡಿದು ಅವರವರ ಜಾಗದಲ್ಲಿ ಕೂತು, ಪೇಪರನ್ನೇ ಸಿನಿಮಾ ಎಂಬಂತೆ ನೋಡಿದ್ದಾಯಿತು. ನೋಡಿದವರು ನಗಬೇಕು. ದೊಡ್ಡ ಅಳತೆಯಲ್ಲಿ ಹಾಳೆ ಸೂರಿನ ಹತ್ತಿರ ಹೋಗಿತ್ತು. ತಂಗಿ ಹತ್ತು ನಿಮಿಷಕ್ಕೇ ಕತ್ತು ನೀವಿಕೊಂಡಳು. ಹುಡುಗನೂ ಈ ತುದಿಯಿಂದ ಆ ತುದಿಗೆ ತಲೆ ತಿರುಗಿಸಬೇಕಾಯಿತು.

ಬಲ್ಲವರ ಸಲಹೆಯೂ ಇದಕ್ಕೆ ಹೊಂದುತ್ತದೆ. ಪರದೆಯ ಅಗಲ ನೋಡುವವರ ಕಣ್ಣಿಗೆ 30ರಿಂದ 40 ಡಿಗ್ರಿ ತುಂಬಬೇಕು ಎನ್ನುತ್ತಾರೆ. 100 ಇಂಚಿನ ಪರದೆಗೆ ಅದು 10 ಅಡಿಯಿಂದ ಹದಿಮೂರೂವರೆ ಅಡಿ ದೂರ. ಇವರ ಸೋಫಾ ಹನ್ನೊಂದೂವರೆ ಅಡಿಯಲ್ಲಿದೆ. ಎತ್ತರಕ್ಕೂ ಒಂದು ಲೆಕ್ಕವಿದೆ. ಕೂತಾಗ ಕಣ್ಣು ನೆಲದಿಂದ ಸುಮಾರು ಮೂರೂವರೆ ಅಡಿ. ಪರದೆಯ ಕೆಳಗಿನ ಮೂರನೇ ಒಂದು ಭಾಗ ಮುಗಿಯುವ ಗೆರೆ ಅಷ್ಟೇ ಎತ್ತರಕ್ಕೆ ಬಂದರೆ ಕತ್ತು ನೋಯುವುದಿಲ್ಲ. ಇವರ ಪರದೆಯ ಕೆಳ ಅಂಚು ನೆಲದಿಂದ 26 ಇಂಚಿಗೆ ಬಂತು. ನನ್ನನ್ನು ಕೇಳಿದರೆ, ಮನೆಗಳಲ್ಲಿ ಪರದೆಯನ್ನು ದೇವರ ಪಟದಷ್ಟು ಮೇಲೆ ಹಾಕುವುದೇ ಎಲ್ಲಕ್ಕಿಂತ ದೊಡ್ಡ ಶಿಕ್ಷೆ.

ತಂಗಿ ಕೇಳಿದ ಪಂಚೆಯ ಪ್ರಶ್ನೆಯನ್ನು ಹಾಗೇ ಬಿಟ್ಟರೆ ಅವಳು ನನ್ನನ್ನು ಬಿಡುವುದಿಲ್ಲ. ಪಂಚೆ ಕಟ್ಟಿ ಪ್ರೊಜೆಕ್ಟರ್ ಹಾಕಿ, ಹಿಂದೆ ಹೋಗಿ ನೋಡಿ. ಅಲ್ಲೂ ಸಿನಿಮಾ ಕಾಣುತ್ತದೆ, ಎಡಬಲ ತಿರುಗಿ. ಹಿಂದಕ್ಕೆ ತೂರಿಹೋದ ಆ ಬೆಳಕೆಲ್ಲ ಮುಂದೆ ಕೂತವರಿಗೆ ನಷ್ಟ. ನಾವು ಚಿಕ್ಕವರಿದ್ದಾಗ ಊರಿನ ಬಯಲಲ್ಲಿ ಸರ್ಕಾರಿ ಜೀಪಿನವರು ಸಿನಿಮಾ ತೋರಿಸುತ್ತಿದ್ದರು. ಜಾಗ ಸಿಗದವರು ಪರದೆಯ ಹಿಂದೆಯೇ ಕೂತು ನೋಡುತ್ತಿದ್ದೆವು. ಅಕ್ಷರಗಳು ಉಲ್ಟಾ, ನಾಯಕ ಎಡಗೈಯಲ್ಲಿ ಊಟ ಮಾಡುತ್ತಿದ್ದ.

ತೊಗಲುಗೊಂಬೆಯಾಟದಲ್ಲಾದರೆ ಇದು ತಲೆಕೆಳಗು. ಅಲ್ಲಿ ದೀಪ, ಗೊಂಬೆ, ಆಡಿಸುವವರು ಎಲ್ಲ ಪರದೆಯ ಹಿಂದೆ. ಬಣ್ಣ ಹಚ್ಚಿದ ತೆಳು ತೊಗಲಿನ ಮೂಲಕ ಬಂದ ಬೆಳಕು ಬಟ್ಟೆಯನ್ನು ದಾಟಿ ನಮ್ಮ ಕಡೆಗೆ ಬರಬೇಕು. ಆದ್ದರಿಂದ ಅಲ್ಲಿ ತೆಳ್ಳನೆಯ ಬಿಳಿ ಬಟ್ಟೆಯೇ ಸರಿ. ಮನೆ ಥಿಯೇಟರಿಗೆ ಬೆಳಕು ದಾಟದ ದಪ್ಪ ಬೇಕು. ಅಂಗಡಿಯ ಪರದೆಯ ಹಿಂಬದಿಗೆ ಕಪ್ಪು ಹಚ್ಚಿರುವುದು ಅದಕ್ಕೇ.

ಪಂಚೆಗಿಂತ ಬಿಳಿ ಗೋಡೆ ಮೇಲು. ನುಣುಪಾಗಿ ಪುಟ್ಟಿ ಹಾಕಿಸಿ, ಹೊಳಪಿಲ್ಲದ ಬಿಳಿ ಬಣ್ಣ ಹೊಡೆಸಿದ ಗೋಡೆ ಬಡವರ ಪರದೆ ಏನಲ್ಲ, ಬುದ್ಧಿವಂತರ ಪರದೆ. ದುಡ್ಡು ಕಡಿಮೆ ಇದ್ದರೆ ವರ್ಷಗಟ್ಟಲೆ ಅದರಲ್ಲೇ ನೋಡಬಹುದು. ಉಬ್ಬುತಗ್ಗು ಇದ್ದರೆ ಮಾತ್ರ ಕ್ಯಾಮೆರಾ ಆಕಾಶದ ಮೇಲೆ ಸರಿಯುವಾಗ ಮೋಡದ ಬದಲು ಗಾರೆ ಕಾಣುತ್ತದೆ. ತುಮಕೂರಿನ ಗೋಡೆಯಲ್ಲಿ ಹಳೆಯ ಕಿಟಕಿ ಮುಚ್ಚಿದ ಗುರುತು ಎದ್ದು ಕಾಣುತ್ತಿತ್ತು, ಅಲ್ಲಿ ಗೋಡೆ ಆಗುವಂತಿರಲಿಲ್ಲ.

ಬೇರೆ ಜಾತಿಯ ಪರದೆಗಳನ್ನು ಬೇಗ ನೋಡಿ ಮುಗಿಸೋಣ. ಗಾಜಿನ ಸಣ್ಣ ಮಣಿ ಅಂಟಿಸಿದ ಪರದೆ ಹಿಂದೆ ಶಾಲೆಗಳಲ್ಲಿತ್ತು. ಅದು ರಾತ್ರಿ ಹೊಳೆಯುವ ರಸ್ತೆ ಫಲಕದಂತೆ, ಬೆಳಕು ಬಂದ ದಿಕ್ಕಿಗೇ ವಾಪಸು ಕಳಿಸುತ್ತದೆ, ಪ್ರೊಜೆಕ್ಟರಿನ ಪಕ್ಕ ಕೂತವರಿಗೇ ಚೆನ್ನ. ಸಣ್ಣ ತೂತುಗಳಿರುವ ಪರದೆಯನ್ನು ಥಿಯೇಟರುಗಳಲ್ಲಿ ಹಾಕುವುದು ಹಿಂದೆ ಇಟ್ಟ ಸ್ಪೀಕರುಗಳ ಸದ್ದು ಹೊರಗೆ ಬರಲೆಂದು. ಮನೆಯಲ್ಲಿ ಸ್ಪೀಕರ್ ಪಕ್ಕಕ್ಕಿಟ್ಟರೆ ಅದರ ಗೊಡವೆ ಇಲ್ಲ. ಬೂದು ಪರದೆ ಗೋಡೆಗಳನ್ನು ತಿಳಿಬಣ್ಣದಲ್ಲೇ ಉಳಿಸಿಕೊಳ್ಳುವವರಿಗೆ. ಕಪ್ಪು ಸುಧಾರಿಸುತ್ತದೆ, ಆದರೆ ಬಿಳಿಯೂ ಮಂಕಾಗುವುದರಿಂದ ಪ್ರೊಜೆಕ್ಟರ್ ಬಲವಾಗಿರಬೇಕು.

ಹಾಲಿನಲ್ಲೇ, ಹಗಲಲ್ಲೇ ನೋಡಬೇಕು ಅನ್ನುವವರಿಗೆ ಹೊರಬೆಳಕು ತಡೆಯುವ ಪರದೆ ಬಂದಿದೆ, ಎಎಲ್‌ಆರ್ ಎನ್ನುತ್ತಾರೆ. ಗೋಡೆಯ ಬುಡದಲ್ಲೇ ಇಟ್ಟು ಮೇಲಕ್ಕೆ ಚೆಲ್ಲುವ ಪ್ರೊಜೆಕ್ಟರಿಗೆಂದು ಮಾಡಿದ ಇಂಥ ಪರದೆಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಗರಗಸದ ಹಲ್ಲಿನಂಥ ಅಡ್ಡಗೆರೆಗಳಿರುತ್ತವೆ. ಹಲ್ಲಿನ ಕೆಳಮುಖ ಬಿಳಿ, ಮೇಲ್ಮುಖ ಕಪ್ಪು. ಕೆಳಗಿನಿಂದ ಬಂದ ಚಿತ್ರವನ್ನು ನಮ್ಮ ಕಡೆಗೆ ಕಳಿಸುತ್ತದೆ, ಸೂರಿನ ದೀಪದ ಬೆಳಕನ್ನು ನುಂಗುತ್ತದೆ. ಜಾಣ ಉಪಾಯ, ನನಗೆ ತುಂಬ ಇಷ್ಟವಾಯಿತು. ಆದರೆ ಸೂರಿಗೆ ನೇತುಹಾಕಿದ ಪ್ರೊಜೆಕ್ಟರಿಗೆ ಇದನ್ನು ಕಟ್ಟಿದರೆ ಅದು ಸಿನಿಮಾವನ್ನೇ ನುಂಗುತ್ತದೆ! ಕೊಳ್ಳುವ ಮೊದಲು ಯಾವ ಪ್ರೊಜೆಕ್ಟರಿಗೆ ಎಂದು ಕೇಳಲೇಬೇಕು. ಬುಡದಲ್ಲಿಡುವ ಪ್ರೊಜೆಕ್ಟರ್ ಇರುವ ಮನೆಯಲ್ಲಿ ಪುಟ್ಟ ಮಕ್ಕಳು ಬಗ್ಗಿ ಅದರ ಮಸೂರದೊಳಗೆ ಇಣುಕದಂತೆಯೂ ನೋಡಿಕೊಳ್ಳಿ, ಕಣ್ಣಿಗೆ ಅಪಾಯ.

ತುಮಕೂರಿನಲ್ಲಿ ಕೊನೆಗೆ ಬಂದದ್ದು ಗೇನ್ 1ರ, ಹೊಳಪಿಲ್ಲದ ಬಿಳಿ ಪರದೆ, 100 ಇಂಚು. ಸುರುಳಿ ಸುತ್ತುವುದಲ್ಲ, ಚೌಕಟ್ಟಿಗೆ ಬಿಗಿದದ್ದು. ಸುರುಳಿ ಪರದೆ ಜಾಗ ಉಳಿಸುತ್ತದೆ ನಿಜ, ಆದರೆ ಎರಡೂ ಬದಿ ದಾರದಿಂದ ಎಳೆದು ಹಿಡಿಯುವ ವ್ಯವಸ್ಥೆ ಇಲ್ಲದ ಅಗ್ಗದ್ದು ಕಾಲಕ್ರಮೇಣ ಅಂಚಿನಲ್ಲಿ ಮುದುರಿ ಅಲೆಯಾಗುತ್ತದೆ. ಚೌಕಟ್ಟಿಗೆ ಕಪ್ಪು ಮಖಮಲ್ ಅಂಚು ಇದೆ. ಆಚೀಚೆ ಚೆಲ್ಲಿದ ಬೆಳಕನ್ನು ಅದು ಕುಡಿದುಬಿಡುತ್ತದೆ, ಅದರ ಪಕ್ಕದಲ್ಲಿ ಚಿತ್ರವೂ ಇನ್ನಷ್ಟು ಬೆಳ್ಳಗೆ ಕಾಣುತ್ತದೆ. ಚಂದ್ರನ ಕತೆಯೇ.

ಪರದೆಯಲ್ಲಿ ಉಳಿದ ದುಡ್ಡು ಎರಡು ಕಡೆ ಹೋಯಿತು. ಒಂದು, ಮಹಡಿಯ ಮೆಟ್ಟಿಲಿಗೆ ತಂಗಿ ಹಿಡಿದು ಹತ್ತಲು ಗಟ್ಟಿ ಕಂಬಿ, ಮೆಟ್ಟಿಲ ಅಂಚಿಗೆ ಸಣ್ಣ ದೀಪಗಳು. ಇನ್ನೊಂದು, ದಪ್ಪ ಕರ್ಟನ್ನು ಮತ್ತು ಬಣ್ಣ. ಬಿಳಿ ಸೂರು, ಬಿಳಿ ಗೋಡೆ ಇದ್ದರೆ ಪರದೆಯಿಂದ ಹೊರಟ ಬೆಳಕು ಅಲ್ಲಿಗೆ ಬಡಿದು ಮತ್ತೆ ಪರದೆಗೇ ಬಂದು ಕಪ್ಪನ್ನು ಕೆಡಿಸುತ್ತದೆ. ಪರದೆಗೆ ಹತ್ತಿರದ ಐದಾರು ಅಡಿಯಾದರೂ ಕಡುಬಣ್ಣ ಬೇಕು. ಕಪ್ಪು ಬಳಿಯುವ ಮಾತೆತ್ತಿದ ಕೂಡಲೇ ತಂಗಿ ಕೂಗಾಡಿದಳು, “ವಾಸದ ಮನೆಗೆ ಯಾರಾದ್ರೂ ಕಪ್ಪು ಬಳೀತಾರೇನೇ ಅಕ್ಕ?” ಬಣ್ಣದ ಪಟ್ಟಿ ತಿರುವಿ ತಿರುವಿ ಕೊನೆಗೆ ಒಂದು ಕಡುಕಂದು ತೋರಿಸಿ, “ಇದು ಅಡಿಕೆ ಬಣ್ಣ, ಇದಾದ್ರೆ ಪರವಾಗಿಲ್ಲ” ಅಂದಳು. ಹೊಳಪಿಲ್ಲದ್ದಾಗಿದ್ದರೆ ಅಡಿಕೆ ಬಣ್ಣವೂ ಬೆಳಕು ನುಂಗುತ್ತದೆ.

ಮೊದಲ ಸಿನಿಮಾ ಅವಳ ಆಯ್ಕೆ, ಕಪ್ಪುಬಿಳುಪಿನ ‘ಬೇಡರ ಕಣ್ಣಪ್ಪ’, 1954ರದು. ಆ ಕಾಲದ ಚಿತ್ರಗಳ ಚೌಕ ಇಂದಿನದಕ್ಕಿಂತ ಕಿರಿದು, ಅಗಲ ಎತ್ತರ ಸುಮಾರು 4ಕ್ಕೆ 3. ಈಗಿನ ಪರದೆ 16ಕ್ಕೆ 9. ಹಾಗಾಗಿ ಚಿತ್ರ ನಡುವೆ ನಿಂತು ಎರಡೂ ಪಕ್ಕ ಹನ್ನೊಂದು ಇಂಚಿನಷ್ಟು ಖಾಲಿ ಉಳಿಯಿತು. ಹುಡುಗ ರಿಮೋಟ್ ತೆಗೆದುಕೊಂಡು ಎಳೆದು ಅಗಲ ಮಾಡಲು ಹೊರಟ. “ಬೇಡ ಕಣೋ, ರಾಜ್‌ಕುಮಾರ್ ದಪ್ಪ ಆಗ್ಬಿಡ್ತಾರೆ” ಅಂತ ದಿವಾನದಿಂದ ಕೂಗು. ಸರಿಯಾದ ಮಾತು. ಹಳೆಯ ಚಿತ್ರ ಹಾಕಿದಾಗ ಮೆನುವಿನಲ್ಲಿ 4:3 ಅಥವಾ ‘ಒರಿಜಿನಲ್’ ಎಂದೇ ಇಡಿ.

ಆ ಎರಡು ಖಾಲಿ ಪಟ್ಟಿಗಳು ನಿಮ್ಮ ಕೋಣೆಯ ಪರೀಕ್ಷೆಗೂ ಆಗುತ್ತವೆ. ಅವುಗಳ ಬಣ್ಣ ನೋಡಿ. ಬೂದಿಯಾಗಿ ಕಂಡರೆ ಕೂಡಲೇ ಪ್ರೊಜೆಕ್ಟರನ್ನು ಬೈಯಬೇಡಿ, ಎಲ್ಲಿಂದಲೋ ಬೆಳಕು ನುಗ್ಗುತ್ತಿರಬಹುದು. ನಮ್ಮ ಹುಡುಗ ಹುಡುಕಿದ. ಕರ್ಟನ್ನಿನ ಮೇಲೆ ಎರಡು ಬೆರಳಿನಷ್ಟು ಸಂದು, ಅದರಾಚೆ ಬೀದಿದೀಪ. ಸ್ಟೂಲು ಹತ್ತಿ ಒಂದು ಟವೆಲ್ ತುರುಕಿ ಇಳಿಯುವಷ್ಟರಲ್ಲಿ ಪಟ್ಟಿ ಎರಡೂ ಕಪ್ಪಾಗಿದ್ದವು.